ಮದುವೆ ಮೊದಲು, ಪ್ರೀತಿ ಆಮೇಲೆ: ಹೈಲ್ಯಾಂಡ್ ನಾಯಕರ ನಗೆ ಕಾದಂಬರಿಗಳು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನೋದು ಕೆಳಗೆ ಬರುತ್ತದೆ, ಅಲ್ಲಿ ನನಗೆ ಸ್ವಲ್ಪ ಸಿಟ್ಟೂ ಇದೆ. ಆದರೆ ಸ್ಕಾಟ್ಲೆಂಡಿನ ಹೈಲ್ಯಾಂಡ್ ನಾಯಕನಿರುವ, ನಕ್ಕು ನಗಿಸುವ, ಹಳೇ ಕಾಲದ ಪ್ರೇಮ ಕಾದಂಬರಿಗಳನ್ನು ಮುಖಪುಟ ನೋಡಿಯೇ ಬದಿಗಿಡುವವರು ನಮ್ಮ ಕಡೆ ಬಹಳ ಇದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕಾಟ್ಲೆಂಡಿನ ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡಿಗೆ ಹೈಲ್ಯಾಂಡ್ಸ್ ಅಂತ ಹೆಸರು. ಅಲ್ಲಿ ಹಿಂದೆ ಕ್ಲ್ಯಾನ್‌ಗಳಿದ್ದವು. ಒಬ್ಬ ಯಜಮಾನ, ಅವನ ನೆಲದಲ್ಲಿ ಬದುಕುವ ನೂರಾರು ಮನೆ, ಅವನು ಕರೆದರೆ ಕತ್ತಿ ಹಿಡಿದು ಬರುವ ಗಂಡಸರು, ಪಕ್ಕದ ಕ್ಲ್ಯಾನಿನ ಜೊತೆ ಅಜ್ಜನ ಕಾಲದಿಂದ ಬಂದ ಜಗಳ. ಕಾದಂಬರಿಯ ನಾಯಕ ಬಹುತೇಕ ಈ ಯಜಮಾನನೇ. ಪುಸ್ತಕದಲ್ಲಿ ಅವನನ್ನು ಲೇರ್ಡ್ ಅನ್ನುತ್ತಾರೆ. ಆರಡಿ ಮೀರಿದ ಆಳು, ಮಾತು ಕಡಿಮೆ, ಹುಬ್ಬು ಸದಾ ಗಂಟು. ನಾಯಕಿ ಇಂಗ್ಲೆಂಡಿನವಳು, ಇಲ್ಲವೇ ವೈರಿ ಮನೆಯವಳು. ರಾಜನ ಅಪ್ಪಣೆಯೋ, ಜಗಳ ಮುಗಿಸುವ ಒಪ್ಪಂದವೋ, ಅಕ್ಕನ ಬದಲು ತಂಗಿಯನ್ನು ಎತ್ತಿಕೊಂಡು ಬಂದ ಗಡಿಬಿಡಿಯೋ, ಏನೋ ಒಂದು ಆಗಿ ಇಬ್ಬರಿಗೂ ಮದುವೆ ಆಗುತ್ತದೆ. ಈ ಮದುವೆ ಪುಸ್ತಕದ ಕೊನೆಗೆ ಬರುವುದಿಲ್ಲ. ಶುರುವಿನ ಕೆಲವೇ ಅಧ್ಯಾಯಗಳಲ್ಲಿ ಆಗಿ ಮುಗಿದಿರುತ್ತದೆ.

ನನ್ನ ಪ್ರಕಾರ ಮಜಾ ಇರುವುದೇ ಅಲ್ಲಿ. ಜನ ಹೇಳುವುದು ಬೇರೆ. ಆ ಗಂಡಸಿನ ಭುಜ, ಅವನು ಸೊಂಟಕ್ಕೆ ಉಡುವ ಲಂಗದಂಥ ಆ ಕಿಲ್ಟು, ಆ ಮಂಜು ಮುಸುಕಿದ ಗುಡ್ಡ, ಅದಕ್ಕೇ ಹೆಂಗಸರು ಓದುತ್ತಾರೆ ಅಂತ. ಅದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬರೀ ಭುಜ ನೋಡಲು ಯಾರೂ ಮುನ್ನೂರು ಪುಟ ಓದುವುದಿಲ್ಲ. ಬೆಳಗಾವಿಯಲ್ಲಿ ಕೂತು ಈ ಪುಸ್ತಕ ಓದುವ ಹೆಣ್ಣಿಗೆ ಅದು ಹತ್ತಿರ ಅನಿಸುವುದು ಯಾಕೆ ಅಂದರೆ, ಪರಿಚಯವೇ ಇಲ್ಲದ ಒಬ್ಬ ಗಂಡಸಿನ ಮನೆಗೆ, ಅವನ ಅಜ್ಜಿ, ತಮ್ಮಂದಿರು, ಆಳುಕಾಳು, ನಾಯಿ ಎಲ್ಲ ತುಂಬಿದ ಮನೆಗೆ, ಒಂದು ಪೆಟ್ಟಿಗೆ ಹಿಡಿದುಕೊಂಡು ಹೋಗಿ ನಿಲ್ಲುವುದು ಹೇಗಿರುತ್ತದೆ ಅಂತ ಅವಳಿಗೆ ಗೊತ್ತು. ಅವಳಿಗೆ ಗೊತ್ತಿಲ್ಲದಿದ್ದರೆ ಅವಳ ಅವ್ವನಿಗೆ ಗೊತ್ತು. ಪ್ರೀತಿ ಆಮೇಲೆ ಬರಬೇಕು. ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಯಾರ ಮಾತು ನಡೆಯಬೇಕು ಅನ್ನೋದು ತೀರ್ಮಾನ ಆಗಬೇಕು. ಪಾಶ್ಚಾತ್ಯ ಪ್ರೇಮಕಥೆಗಳು ಸಾಮಾನ್ಯವಾಗಿ ಮದುವೆಯ ಬಾಗಿಲಿಗೆ ಬಂದು ನಿಂತುಬಿಡುತ್ತವೆ. ಇವು ಆ ಬಾಗಿಲಿನ ಒಳಗಿಂದ ಶುರುವಾಗುತ್ತವೆ.

ಒಂದು ದೃಶ್ಯ ಹೇಳುತ್ತೇನೆ. ಇಂಥದ್ದು ಒಂದಲ್ಲ ಒಂದು ರೂಪದಲ್ಲಿ ಬೇಕಾದಷ್ಟು ಪುಸ್ತಕಗಳಲ್ಲಿ ಬರುತ್ತದೆ. ಹೊಸ ಹೆಂಡತಿ ಬಂದಿದ್ದಾಳೆ. ಕೋಟೆಯ ದೊಡ್ಡ ಪಡಸಾಲೆಯ ನೆಲಕ್ಕೆ ಹಾಸಿದ ಜೊಂಡು ಹುಲ್ಲು ಎಷ್ಟೋ ತಿಂಗಳಿಂದ ಬದಲಾಗಿಲ್ಲ, ಅದರೊಳಗೆ ಎಲುಬು, ನಾಯಿ ಕೂದಲು, ಚೆಲ್ಲಿದ ಮದ್ಯ, ಇನ್ನೂ ಏನೇನೋ. ಗಂಡ ಊರಲ್ಲಿಲ್ಲ. ಅವಳು ಎಲ್ಲವನ್ನೂ ಹೊರಗೆ ಹಾಕಿಸಿ, ಕಲ್ಲು ಕಾಣುವ ತನಕ ನೆಲ ತಿಕ್ಕಿಸಿ, ಹೊಸ ಹುಲ್ಲು ಹಾಸಿ ನಡುವೆ ಸುವಾಸನೆಯ ಸೊಪ್ಪು ಉದುರಿಸುತ್ತಾಳೆ. ಸಂಜೆ ಗಂಡ ಬರುತ್ತಾನೆ, ಹಿಂದೆ ಇಪ್ಪತ್ತು ಜನ, ಎಲ್ಲರ ಕಾಲಲ್ಲೂ ಮೊಣಕಾಲ ತನಕ ಕೆಸರು. ಅವಳು ಬಾಗಿಲಲ್ಲಿ ನಿಂತು ಹೇಳುತ್ತಾಳೆ, ಬೂಟು ಬಿಚ್ಚಿ ಒಳಗೆ ಬನ್ನಿ ಅಂತ. ಅಷ್ಟೇ. ಈಗ ಯಾರೂ ಮಾತಾಡುವುದಿಲ್ಲ. ಇಪ್ಪತ್ತೂ ಜನ ಯಜಮಾನನ ಮುಖ ನೋಡುತ್ತಾರೆ. ಅವನು ಅವಳ ಮುಖ ನೋಡುತ್ತಾನೆ, ನೆಲ ನೋಡುತ್ತಾನೆ, ಮತ್ತೆ ಅವಳ ಮುಖ ನೋಡುತ್ತಾನೆ. ಅವಳ ಕೈ ನಡುಗುತ್ತಿರುವುದು ಅವನಿಗೆ ಕಾಣುತ್ತದೆ. ಅವನು ಬಗ್ಗಿ ಬೂಟಿನ ದಾರ ಬಿಚ್ಚುತ್ತಾನೆ. ಹಿಂದಿನಿಂದ ಯಾರೋ ಮುದುಕ ಕೆಮ್ಮಿದ ಹಾಗೆ ಮಾಡಿ ನಗು ಮುಚ್ಚಿಕೊಳ್ಳುತ್ತಾನೆ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಗ್ಗುತ್ತಾರೆ, ಒಬ್ಬನ ಕಾಲುಚೀಲ ಹರಿದು ಹೆಬ್ಬೆರಳು ಹೊರಗೆ ಬಂದಿರುತ್ತದೆ, ಅವನು ಅದನ್ನು ಇನ್ನೊಂದು ಕಾಲ ಹಿಂದೆ ಅಡಗಿಸಲು ನೋಡುತ್ತಾನೆ.

ಆ ನಡುಗುವ ಕೈ ಅವನಿಗೆ ಕಾಣಿಸಿತಲ್ಲ, ಅದಕ್ಕೇ ಈ ದೃಶ್ಯ ನನಗೆ ಇಷ್ಟ. ಅದಿಲ್ಲದಿದ್ದರೆ ಇದು ಬರೀ ಗಂಡ ಸೋತ, ಹೆಂಡತಿ ಗೆದ್ದಳು ಅನ್ನೋ ಚುಟುಕು. ಒಳ್ಳೆ ಲೇಖಕಿ ಇಲ್ಲಿ ಯಾರನ್ನೂ ಸೋಲಿಸುವುದಿಲ್ಲ. ಅವನು ಇಪ್ಪತ್ತು ಜನರ ಎದುರಿಗೆ ಅವಳ ಮಾತು ಉಳಿಸಿದ. ಅವಳಿಗೆ ಅದು ಅರ್ಥವಾಯಿತು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಲ್ಲಿಂದ ಪ್ರೀತಿ ಶುರು.

ನಗು ಹುಟ್ಟಿಸುವ ಇನ್ನೊಂದು ಉಪಾಯ ಇದೆ, ಅದನ್ನು ಗಮನಿಸಿದರೆ ಓದುವ ಖುಷಿ ಇನ್ನೂ ಹೆಚ್ಚುತ್ತದೆ. ಕಥೆ ಒಮ್ಮೆ ಅವಳ ತಲೆಯೊಳಗಿಂದ ನಡೆಯುತ್ತದೆ, ಒಮ್ಮೆ ಅವನ ತಲೆಯೊಳಗಿಂದ. ಅವಳ ಕಡೆಯಿಂದ ನೋಡಿದರೆ ಗಂಡ ಮೂರು ದಿನದಿಂದ ಮಾತಾಡಿಲ್ಲ, ಊಟಕ್ಕೆ ಕೂತರೆ ತಟ್ಟೆ ನೋಡುತ್ತಾನೆ, ನಿಶ್ಚಿತವಾಗಿ ತನ್ನನ್ನು ಕಂಡರೆ ಆಗುವುದಿಲ್ಲ. ಪುಟ ತಿರುಗಿಸಿದರೆ ಅವನ ಕಡೆ. ಅವನು ಮೂರು ದಿನದಿಂದ ಒಂದು ಮಾತು ಹುಡುಕುತ್ತಿದ್ದಾನೆ, ಏನು ಹೇಳಿದರೂ ಅವಳು ಅಳುತ್ತಾಳೇನೋ ಅಂತ ಹೆದರಿ ಸುಮ್ನೆ ಕೂತಿದ್ದಾನೆ, ಯುದ್ಧದಲ್ಲಿ ಒಮ್ಮೆಯೂ ಹೆದರದವನು. ಕೊನೆಗೆ ಬಹಳ ಯೋಚಿಸಿ ಅವಳಿಗೆ ಒಂದು ಮಾತು ಹೇಳುತ್ತಾನೆ: ನೀನು ಗಟ್ಟಿಮುಟ್ಟಾಗಿದ್ದೀಯ. ಅವನ ಮಟ್ಟಿಗೆ ಅದು ಕುದುರೆಗೂ ಕೊಡದ ಹೊಗಳಿಕೆ. ಅವಳು ಎದ್ದು ಹೋಗುತ್ತಾಳೆ. ಇಬ್ಬರ ಮನಸ್ಸೂ ಗೊತ್ತಿರುವುದು ಓದುಗರಿಗೆ ಒಬ್ಬರಿಗೇ. ಆ ನಡುವಿನ ಜಾಗದಲ್ಲಿ ನಗು ಬರುತ್ತದೆ.

ನಮ್ಮ ವೈನಿಗೆ ಇಂಥದೊಂದು ಪುಸ್ತಕದ ಕಥೆಯನ್ನು ಶೇಂಗಾ ಬಿಡಿಸುತ್ತ ಕೂತಾಗ ಹೇಳುತ್ತಿದ್ದೆ. ಇಂಗ್ಲಿಷ್ ಪುಸ್ತಕ ಓದುವ ರೂಢಿ ಅವರಿಗಿಲ್ಲ, ಕಥೆ ಕೇಳಲು ಇಷ್ಟ. ಅರ್ಧಕ್ಕೆ ತಡೆದು ಕೇಳಿದರು, "ಅಲ್ಲ, ಇಂವಗ ಬಾಯಿ ಇಲ್ಲೇನು? ಒಂದ ಮಾತು ಹೇಳಿದ್ರ ಮುಗೀತಿತ್ತಲ್ಲ." ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು, "ನಿಮ್ಮ ಅಣ್ಣಾನೂ ಹಂಗ ಅದಾರ ನೋಡು. ಮದುವಿಯಾದ ಹೊಸದಾಗಿ ನನಗ ಅಂವರು ಸಿಟ್ಟಿನ ಮನಷ್ಯಾ ಅಂತ ಅನಿಸಿತ್ತು. ಸಿಟ್ಟಲ್ಲ, ನಾಚಿಕಿ." ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಣ್ಣನ ಬಗ್ಗೆ ಈ ಮಾತು ನಾನು ಕೇಳಿರಲಿಲ್ಲ. ಅದೇ ವಾರ ಮುಂದಿನ ಕಥೆ ಏನಾಯಿತು ಅಂತ ಅವರೇ ಕೇಳಿಕೊಂಡು ಬಂದರು.

ಗಂಡಸಿನ ದೊಡ್ಡಸ್ತಿಕೆಯನ್ನು ಹೆಂಡತಿಯ ಮಾತಿನಿಂದ ಇಳಿಸಿ ನಗಿಸುವುದು ನಮಗೇನು ಹೊಸದಲ್ಲ. ಕುಲಗೋಡ ತಮ್ಮಣ್ಣ ಕಟ್ಟಿ ಬೆಳೆಸಿದ ಶ್ರೀಕೃಷ್ಣ ಪಾರಿಜಾತದ ಆಟ ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಿ ಇವತ್ತಿಗೂ ನಡೆಯುತ್ತದೆ. ನಾರದ ತಂದ ಒಂದು ಹೂವು ರುಕ್ಮಿಣಿಗೆ ಸಿಕ್ಕಿತು, ಸುದ್ದಿ ಸತ್ಯಭಾಮೆಗೆ ಮುಟ್ಟಿತು, ಮುಗೀತು. ಲೋಕ ಆಳುವ ದೇವರು ಹೆಂಡತಿಯ ಮುನಿಸು ಇಳಿಸಲು ಪಡುವ ಪಾಡು ನೋಡಿ ಊರಿಗೆ ಊರೇ ರಾತ್ರಿಯೆಲ್ಲ ನಗುತ್ತ ಕೂರುತ್ತದೆ. ಹಾಗಂತ ಯಾರಿಗೂ ಕೃಷ್ಣನ ಮೇಲೆ ಗೌರವ ಕಡಿಮೆ ಆಗುವುದಿಲ್ಲ, ಬದಲಿಗೆ ಅವನು ನಮ್ಮವನಾಗುತ್ತಾನೆ. ಲೇರ್ಡ್‌ಗೂ ಆಗುವುದು ಅದೇ. ಹೊರಗೆ ಅವನ ಹೆಸರು ಕೇಳಿದರೆ ವೈರಿಗಳು ನಡುಗುತ್ತಾರೆ, ಒಳಗೆ ಅವನ ಅಜ್ಜಿಯೇ ಅವನಿಗೆ ಬೈದು ಊಟಕ್ಕೆ ಕೂರಿಸುತ್ತಾಳೆ.

ಈ ಅಜ್ಜಿ, ಅಡಿಗೆಯವಳು, ನಾಯಕನ ಬಲಗೈ ಬಂಟ, ಕಿವಿ ಮಂದವಾದ ಪಾದ್ರಿ, ಎಲ್ಲ ಕಡೆ ನುಗ್ಗುವ ಚಿಕ್ಕ ಹುಡುಗ, ಇವರೇ ಪುಸ್ತಕದ ಅರ್ಧ ಜೀವ. ಗಂಡ ಹೆಂಡತಿಗೆ ಏಕಾಂತ ಅನ್ನೋದೇ ಸಿಗುವುದಿಲ್ಲ. ಅವರ ಜಗಳ ಏನು, ರಾಜಿ ಯಾವಾಗ ಆಯಿತು, ಎಲ್ಲ ಇಡೀ ಕೋಟೆಗೆ ಗೊತ್ತು. ಸೈನಿಕರು ಇಬ್ಬರ ಮೇಲೂ ಪಣ ಕಟ್ಟುತ್ತಾರೆ. ನಮ್ಮ ಮದುವೆಗಳಲ್ಲಿ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿಯೇ ಒಳಗೆ ಬಾ ಅಂತ ಒಡಪು ಹಾಕಿಸುತ್ತಾರಲ್ಲ, ಬೀಗಿತ್ತಿಯರು ಒಬ್ಬರನ್ನೊಬ್ಬರು ಹಾಡಿನಲ್ಲೇ ಕಿಚಾಯಿಸುತ್ತಾರಲ್ಲ, ಆ ಗದ್ದಲದಲ್ಲಿ ಬೆಳೆದವರಿಗೆ ಈ ಕೋಟೆಯಲ್ಲಿ ಪರಕೀಯ ಅನಿಸುವುದೇ ಇಲ್ಲ. ನಾಯಕ ನಾಯಕಿ ಇಬ್ಬರೇ ಮೂರು ಅಧ್ಯಾಯ ಕಾಡಲ್ಲಿ ಅಲೆಯುವ ಪುಸ್ತಕ ಸಿಕ್ಕರೆ ನನಗೆ ಬೇಜಾರು ಬರುತ್ತದೆ. ಮನೆ ಬೇಕು, ಮನೆಯ ಜನ ಬೇಕು.

ಇನ್ನು ಇತಿಹಾಸ. ಬರೀ ಬಣ್ಣಕ್ಕೆ ಹಚ್ಚಿದ್ದು ಅಂತ ಕೆಲವರು ಅನ್ನುತ್ತಾರೆ. ಒಳ್ಳೆ ಪುಸ್ತಕದಲ್ಲಿ ಹಾಗಲ್ಲ, ನಗುವಿನ ಸನ್ನಿವೇಶಗಳೇ ಇತಿಹಾಸದಿಂದ ಹುಟ್ಟುತ್ತವೆ. ಉದಾಹರಣೆಗೆ, ಗಡಿಬಿಡಿಯಲ್ಲಿ ಆದ ಮದುವೆ. ಸ್ಕಾಟ್ಲೆಂಡಿನ ಹಳೇ ಕಾನೂನಿನಲ್ಲಿ ಗಂಡು ಹೆಣ್ಣು ಇಬ್ಬರೂ ಒಪ್ಪಿ, ನಾವು ಗಂಡ ಹೆಂಡತಿ ಅಂತ ಹೇಳಿಕೊಂಡರೆ ಮದುವೆ ಆದಂತೆಯೇ. ಪಾದ್ರಿ ಬೇಕಿಲ್ಲ, ಅಪ್ಪನ ಒಪ್ಪಿಗೆ ಬೇಕಿಲ್ಲ. ಮುಂದೆ ಯಾರಾದರೂ ಪ್ರಶ್ನೆ ಮಾಡಿದರೆ ಸಾಕ್ಷಿ ಇರಲಿ ಅಂತ ಇಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು, ಅಷ್ಟೇ. 1754ರಿಂದ ಇಂಗ್ಲೆಂಡಿನಲ್ಲಿ ಕಾನೂನು ಬಿಗಿಯಾಗಿ 21 ತುಂಬದವರಿಗೆ ಮನೆಯವರ ಒಪ್ಪಿಗೆ ಬೇಕೇ ಬೇಕಾಯಿತು. ಆಗ ಪ್ರೇಮಿಗಳೆಲ್ಲ ಗಡಿ ದಾಟಿ ಓಡಿದರು. ಗಡಿಯಾಚೆಯ ಮೊದಲ ಊರುಗಳಲ್ಲಿ ಒಂದಾದ ಗ್ರೆಟ್ನಾ ಗ್ರೀನ್‌ನಲ್ಲಿ ಕಮ್ಮಾರನೇ ಮದುವೆ ಮಾಡಿಸಿ ಹೆಸರಾದ. 1856ರಲ್ಲಿ ಇಬ್ಬರಲ್ಲಿ ಒಬ್ಬರಾದರೂ 21 ದಿನ ಸ್ಕಾಟ್ಲೆಂಡಿನಲ್ಲಿ ಇದ್ದಿರಬೇಕು ಅಂತ ಕಾನೂನು ಬಂತು. ಹಾಗೆ ಮಾತಿನಲ್ಲೇ ಆಗುವ ಮದುವೆ ಪೂರ್ತಿ ನಿಂತದ್ದು 1940ರಲ್ಲಿ. ಈಗ ನೋಡಿ, ಯಾವುದೋ ಛತ್ರದಲ್ಲಿ ಒಂದು ರಾತ್ರಿಯ ಜಾಗಕ್ಕೋಸ್ಕರ ಇಬ್ಬರು ಅಪರಿಚಿತರು ನಾವು ಗಂಡ ಹೆಂಡತಿ ಅಂತ ಸುಳ್ಳು ಹೇಳಿದರು, ನಾಲ್ಕು ಜನ ಕೇಳಿಸಿಕೊಂಡರು. ಬೆಳಗ್ಗೆ ಎದ್ದರೆ ನಿಜವಾಗಿಯೂ ಮದುವೆ ಆಗಿದೆಯೋ ಇಲ್ಲವೋ ಅಂತ ವಕೀಲರನ್ನು ಕೇಳಬೇಕು! ಇದು ಲೇಖಕಿಯರು ಗಾಳಿಯಲ್ಲಿ ಹುಟ್ಟಿಸಿದ ಸನ್ನಿವೇಶವಲ್ಲ, ಆ ನೆಲದ ಕಾನೂನೇ ಅಂಥ ಗೊಂದಲಕ್ಕೆ ಬಾಗಿಲು ತೆರೆದಿತ್ತು.

ದನದ ಕಳ್ಳತನವೂ ಹಾಗೇ. ಹೈಲ್ಯಾಂಡ್ಸ್‌ನಲ್ಲಿ ಆಸ್ತಿ ಅಂದರೆ ಕಪ್ಪು ದನ, ರಾತ್ರೋರಾತ್ರಿ ಪಕ್ಕದವರ ದನ ಹೊಡೆದುಕೊಂಡು ಬರುವುದು ಅಲ್ಲಿ ಗಂಡಸುತನದ ಪರೀಕ್ಷೆ ಆಗಿತ್ತು. ಹಾಗಾಗಿ ನಾಯಕಿ ತವರಿನ ದನವನ್ನು ಗಂಡನ ಕೊಟ್ಟಿಗೆಯಲ್ಲಿ ಗುರುತು ಹಿಡಿಯುವ ದೃಶ್ಯ ಬರುತ್ತದೆ. ಯಜಮಾನನೇ ನ್ಯಾಯಾಧೀಶ ಅನ್ನೋದೂ ನಿಜ. ತನ್ನ ನೆಲದಲ್ಲಿ ಪಂಚಾಯಿತಿ ನಡೆಸಿ ಶಿಕ್ಷೆ ಕೊಡುವ ಹಕ್ಕು ಅಂಥ ಎಷ್ಟೋ ದೊರೆಗಳಿಗೆ ವಂಶಪಾರಂಪರ್ಯವಾಗಿ ಇತ್ತು, ಅದನ್ನು ಬ್ರಿಟಿಷ್ ಸಂಸತ್ತು ಕಿತ್ತುಕೊಂಡದ್ದು 1747ರಲ್ಲಿ. ಅವನು ಗಂಭೀರವಾಗಿ ನ್ಯಾಯ ಹೇಳುತ್ತಿದ್ದರೆ ಪಕ್ಕದಲ್ಲಿ ಕೂತ ಹೆಂಡತಿ ಕಕ್ಷಿದಾರಳ ಕಿವಿಯಲ್ಲಿ ಉತ್ತರ ಹೇಳಿಕೊಡುತ್ತಿರುತ್ತಾಳೆ.

ಈಗ ಆ ಒಂದು ಸ್ಟಾರ್.

ಮೊದಲನೇ ತಕರಾರು ಕಿಲ್ಟು. 1314ರ ಬ್ಯಾನಕ್‌ಬರ್ನ್ ಯುದ್ಧದ ಕಾಲದ ಕಥೆ ಅಂತ ಹೇಳಿ ನಾಯಕನಿಗೆ ಮಡಿಕೆ ಮಡಿಕೆಯ ಚಂದದ ಕಿಲ್ಟು ಉಡಿಸುತ್ತಾರೆ. ಮೈಗೆಲ್ಲ ಸುತ್ತಿ ನಡುವಿಗೆ ಪಟ್ಟಿ ಬಿಗಿಯುವ ಪ್ಲೇಡ್ ಅನ್ನೋ ಉದ್ದನೆಯ ಬಟ್ಟೆ ಬಳಕೆಗೆ ಬಂದದ್ದೇ 16ನೇ ಶತಮಾನದ ಕೊನೆಗೆ. ಸೊಂಟದ ಕೆಳಗಿನ ಗಿಡ್ಡ ಕಿಲ್ಟು ಇನ್ನೂ ಆಮೇಲೆ, 18ನೇ ಶತಮಾನದ್ದು. ಅದಕ್ಕೂ ಹಿಂದಿನವರು ಉದ್ದನೆಯ ನಾರುಬಟ್ಟೆಯ ಅಂಗಿ ತೊಟ್ಟು ಮೇಲೊಂದು ಹೊದಿಕೆ ಹೊದೆಯುತ್ತಿದ್ದರು. ಒಂದು ಕ್ಲ್ಯಾನಿಗೆ ಒಂದೇ ನಿಗದಿಯಾದ ಬಣ್ಣದ ಚೌಕಳಿ ಅನ್ನೋದೂ ಬಹುಮಟ್ಟಿಗೆ 19ನೇ ಶತಮಾನದ ಸಂಗತಿ. 1822ರಲ್ಲಿ ನಾಲ್ಕನೇ ಜಾರ್ಜ್ ರಾಜ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಏರ್ಪಾಡು ಮಾಡಿದ, ಎಲ್ಲರೂ ತಮ್ಮ ತಮ್ಮ ಚೌಕಳಿ ತೊಟ್ಟು ಬರಬೇಕು ಅಂದ, ಆಗ ಶುರುವಾದ ಹುಚ್ಚು. ನೀನು ಬೇರೆ ಚೌಕಳಿಯವನು ಅಂತ 13ನೇ ಶತಮಾನದ ಕಾಡಿನಲ್ಲಿ ದೂರದಿಂದಲೇ ವೈರಿಯನ್ನು ಗುರುತು ಹಿಡಿಯುವ ಪ್ಯಾರಾ ಬಂದಾಗೆಲ್ಲ ನನಗೆ ಕಿರಿಕಿರಿ. ಭಾಷೆಯದೂ ಅದೇ ಕಥೆ. ನಾಯಕ ಮಾತಿಗೊಮ್ಮೆ ಲ್ಯಾಸ್ (ಹುಡುಗಿ), ಡಿನ್ನಾ (ಬೇಡ) ಅನ್ನುತ್ತಾನೆ. ಅದು ತಗ್ಗಿನ ನಾಡಿನ ಸ್ಕಾಟ್ಸ್ ಭಾಷೆ. ಗುಡ್ಡದ ಮೇಲಿನವನ ಮನೆಮಾತು ಗೇಲಿಕ್. ಸ್ವಲ್ಪ ಇದ್ದರೆ ಸರಿ, ಪ್ರತಿ ಸಾಲಿನಲ್ಲೂ ಬಂದರೆ ಓದುವುದು ಕಷ್ಟ. ಒಂದು ವರ್ಷ ಒಂದು ದಿನದ ಪ್ರಯೋಗದ ಮದುವೆ ಅಂತ ಬರುತ್ತದಲ್ಲ, ಕೈ ಹಿಡಿದು ಮಾತು ಕೊಡುವ ಪದ್ಧತಿ ಇದ್ದದ್ದು ನಿಜ, ಆದರೆ ವರ್ಷದ ಕೊನೆಗೆ ಬೇಡವಾದರೆ ಬಿಟ್ಟು ಹೋಗಬಹುದು ಅನ್ನುವುದನ್ನು ಈಗಿನ ಇತಿಹಾಸಕಾರರು ಒಪ್ಪುವುದಿಲ್ಲ. ಅದನ್ನು ಜನಪ್ರಿಯ ಮಾಡಿದ್ದರಲ್ಲಿ ಸ್ಕಾಟ್‌ನ ಕಾದಂಬರಿಯದೂ ಪಾಲಿದೆ. ಕಥೆಗೆ ಮಾತ್ರ ಬಹಳ ಚೆನ್ನಾಗಿ ಒದಗುತ್ತದೆ, ಅದಕ್ಕೆ ಇದೊಂದನ್ನು ನಾನು ಮಾಫಿ ಮಾಡುತ್ತೇನೆ.

ಎರಡನೇ ತಕರಾರು ದೊಡ್ಡದು. ಹಳೇ ಪುಸ್ತಕಗಳಲ್ಲಿ, 1970, 80ರ ದಶಕದವುಗಳಲ್ಲಿ, ನಾಯಕ ನಾಯಕಿಯ ಮೇಲೆ ಬಲವಂತ ಮಾಡುವುದನ್ನೇ ಪ್ರೀತಿ ಅಂತ ತೋರಿಸಿದ್ದು ಸಾಕಷ್ಟಿದೆ. ಅಂಥ ಪುಸ್ತಕದಲ್ಲಿ ಎಷ್ಟೇ ನಗು ಇರಲಿ, ನಾನು ಮುಚ್ಚಿಡುತ್ತೇನೆ, ನೀವೂ ಮುಚ್ಚಿಡಿ. ಕಾಲ ಹಾಗಿತ್ತು ಅನ್ನೋ ಸಮರ್ಥನೆ ಬೇಡ. ನಗೆ ಕಾದಂಬರಿಗಳಲ್ಲಿ ಒಳ್ಳೆಯವು ಗೆದ್ದಿರುವುದೇ ಇಲ್ಲಿ. ಆ ಗಂಡಸಿನ ಕೈಯಲ್ಲಿ ಎಲ್ಲ ಅಧಿಕಾರ ಇದೆ, ಕಾನೂನು ಅವನ ಕಡೆ, ಕತ್ತಿ ಅವನ ಕಡೆ. ಆದರೂ ಅವನು ಮಲಗುವ ಕೋಣೆಯ ಬಾಗಿಲಲ್ಲಿ ನಿಂತು, ನೀನು ಹೂಂ ಅನ್ನುವ ತನಕ ಕಾಯುತ್ತೇನೆ ಅನ್ನುತ್ತಾನೆ. ಕೆಳಗೆ ಪಣ ಕಟ್ಟಿದ ಸೈನಿಕರೆಲ್ಲ ದುಡ್ಡು ಕಳೆದುಕೊಳ್ಳುತ್ತಾರೆ. ನಗು ಬಂತು, ಅದರ ಜೊತೆಗೇ ಅವನ ಮೇಲೆ ಭರವಸೆಯೂ ಬಂತು. ಇಷ್ಟು ದೊಡ್ಡ ಮನುಷ್ಯನಿಗೆ ನಾನು ಹೆದರಬೇಕಿಲ್ಲ ಅಂತ ನಾಯಕಿಗೆ ಮನವರಿಕೆ ಆಗುವ ಆ ಒಂದು ಗಳಿಗೆಗೋಸ್ಕರವೇ ನಾನು ಈ ಪುಸ್ತಕಗಳನ್ನು ಮತ್ತೆ ಮತ್ತೆ ಓದುವುದು. ಹೊರಗಿನ ಲೋಕದಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಆ ಗಳಿಗೆ ಸಿಗುತ್ತದೆ ಹೇಳಿ.

ಕಥೆ ಯಾವ ಕಾಲದ್ದು ಅಂತ ಹಿಂಬದಿಯ ರಟ್ಟಿನಲ್ಲಿ ನೋಡಿಕೊಳ್ಳಿ. 12ರಿಂದ 16ನೇ ಶತಮಾನದ್ದಾದರೆ ಸಾಮಾನ್ಯವಾಗಿ ನಗು ಜಾಸ್ತಿ. 1745ರ ಹತ್ತಿರದ್ದಾದರೆ ಹುಷಾರು, ಎಷ್ಟೇ ನಕ್ಕರೂ ಮುಂದೆ ಕಲೋಡನ್ ಯುದ್ಧ ಕಾದಿದೆ. 1746ರ ಏಪ್ರಿಲ್ 16ರಂದು ಇನ್ವರ್ನೆಸ್ ಹತ್ತಿರದ ಆ ಬಯಲಿನಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ, ಬ್ರಿಟನ್ನಿನ ಸಿಂಹಾಸನ ತನ್ನ ಮನೆತನದ್ದು ಅಂತ ಸರ್ಕಾರದ ಮೇಲೆ ತಿರುಗಿಬಿದ್ದ ಸ್ಟುವರ್ಟ್ ರಾಜಕುಮಾರನ ಪರ ನಿಂತ ಕ್ಲ್ಯಾನ್‌ಗಳ ಸೈನ್ಯ ಮುಗಿದೇ ಹೋಯಿತು. ಆಮೇಲೆ ಹೈಲ್ಯಾಂಡ್ ಉಡುಪು ತೊಡುವುದೇ ಅಪರಾಧ ಅಂತ ಕಾನೂನು ಬಂತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲಕ್ಕೆ ಏಳು ವರ್ಷ ಗಡಿಪಾರು. 1782ರ ತನಕ ಅದು ಇತ್ತು. ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ಅದಾದ ಮೇಲೆ ಕುರಿ ಸಾಕಲು ಒಕ್ಕಲುಗಳನ್ನೇ ನೆಲದಿಂದ ಎಬ್ಬಿಸಿದರು. ಕಿತ್ತೂರಿನ ಕೋಟೆ ನೋಡಿ ಬೆಳೆದ ನಮಗೆ ಇದೆಲ್ಲ ಬರೀ ಪುಸ್ತಕದ ಸಂಗತಿ ಅನಿಸುವುದಿಲ್ಲ. 1824ರಲ್ಲಿ ಚೆನ್ನಮ್ಮ ಗೆದ್ದದ್ದು, ಅದೇ ವರ್ಷದ ಕೊನೆಗೆ ಕೋಟೆ ಬಿದ್ದದ್ದು, ಬೈಲಹೊಂಗಲದ ಸೆರೆ, 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು, ನಮ್ಮ ಲಾವಣಿಗಳಲ್ಲಿ ಇನ್ನೂ ಇದೆ. ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ನುಗ್ಗಿದ ಬ್ರಿಟಿಷ್ ಸೈನ್ಯದಲ್ಲಿ ಹೈಲ್ಯಾಂಡ್ ರೆಜಿಮೆಂಟುಗಳೂ ಇದ್ದವು. ತಮ್ಮ ನೆಲದಲ್ಲಿ ಸೋತವರ ಮೊಮ್ಮಕ್ಕಳು ಸೋಲಿಸಿದವರ ಸಂಬಳಕ್ಕೆ ನಮ್ಮ ನೆಲಕ್ಕೆ ಬಂದರು. ಪ್ರೇಮ ಕಾದಂಬರಿಗಳು ಇದರ ತಂಟೆಗೆ ಹೋಗುವುದಿಲ್ಲ. ಹೋಗಬೇಕು ಅಂತ ನಾನು ಹೇಳುತ್ತಿಲ್ಲ, ಆದರೆ ಇದು ಗೊತ್ತಿದ್ದು ಓದಿದರೆ, ಕಲೋಡನ್‌ಗಿಂತ ಮುಂಚಿನ ಆ ತುಂಬಿದ ಮನೆ, ಆ ಪಣ, ಆ ಅಜ್ಜಿಯ ಬೈಗುಳ ಎಲ್ಲ ಇನ್ನೂ ಬೆಲೆಯುಳ್ಳದ್ದು ಅನಿಸುತ್ತದೆ.

ಹೈಲ್ಯಾಂಡ್ ನಾಯಕ ಲಂಡನ್ನಿಗೆ ಬಂದು ನೃತ್ಯಕೂಟಗಳಲ್ಲಿ ಒದ್ದಾಡುವ ಕಥೆಗಳೂ ಇವೆ, 19ನೇ ಶತಮಾನದ ಶುರುವಿನವು. ಪರವಾಗಿಲ್ಲ. ಅವನ ಮನೆ ಬಿಟ್ಟು ತಂದರೆ ಅರ್ಧ ಮಜಾ ಹೋಗುತ್ತದೆ.

ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ. ಇವು ಇಂಗ್ಲಿಷ್ ಪುಸ್ತಕಗಳು, ಆದರೆ ಇಂಗ್ಲಿಷ್ ಸುಲಭದ್ದು. ದಿನಪತ್ರಿಕೆ ಓದುವವರಿಗೆ ಎರಡನೇ ಅಧ್ಯಾಯದ ಹೊತ್ತಿಗೆ ರೂಢಿ ಆಗುತ್ತದೆ. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಪ್ರೇಮ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದ ಕಾಕುಗಳು, ಮಾವಶಿಗಳು ಬೆಳಗಾವಿಯ ಟಿಳಕವಾಡಿ, ಕ್ಯಾಂಪ್ ಕಡೆ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ಅಟ್ಟದ ಮೇಲೆ ಹುಡುಕಿದರೆ ಹಳೇ ಕಾಲದ ಕಥೆಗಳ ಕಟ್ಟು ಸಿಕ್ಕರೂ ಸಿಕ್ಕೀತು. ಹಳೇ ಪುಸ್ತಕದ ಅಂಗಡಿಯಲ್ಲಿ ಐವತ್ತರಿಂದ ನೂರು ರೂಪಾಯಿಗೆ ಒಂದು ಸಿಗುತ್ತದೆ. ಆದರೆ ದುಡ್ಡು ಕೊಡುವ ಮೊದಲು ಕೊನೆಯ ಪುಟ ಇದೆಯೋ ನೋಡಿ. ನಾನು ಒಂದು ಕಡೆ ತಂದ ಪುಸ್ತಕದಲ್ಲಿ ಕೊನೆಯ ಎಂಟು ಹತ್ತು ಹಾಳೆ ಇರಲಿಲ್ಲ, ವಾಪಸ್ ಒಯ್ದರೆ ಅಂಗಡಿಯವರು, ಮೇಡಂ ಕೊನೆಗೆ ಇಬ್ಬರೂ ಒಂದಾಗೇ ಆಗುತ್ತಾರಲ್ಲ ಅಂದರು. ಒಂದಾಗುತ್ತಾರೆ ಅಂತ ನನಗೂ ಗೊತ್ತು. ಅವನು ಅದನ್ನು ಬಾಯಿಬಿಟ್ಟು ಹೇಗೆ ಹೇಳಿದ ಅನ್ನೋದೇ ಬೇಕಾಗಿತ್ತು. ದುಡ್ಡು ವಾಪಸ್ ಕೊಡಲಿಲ್ಲ. ಆ ಕಥೆಯ ಕೊನೆ ಇವತ್ತಿಗೂ ನನಗೆ ಸಿಕ್ಕಿಲ್ಲ.

ಕಿಂಡಲ್‌ನಲ್ಲಿ ಓದಿದರೆ ಈ ತಾಪತ್ರಯ ಇಲ್ಲ, ಮುಖಪುಟದ ತಾಪತ್ರಯವೂ ಇಲ್ಲ. ಮುಖಪುಟಗಳ ಬಗ್ಗೆ ನನಗೆ ನಿಜವಾಗಿಯೂ ಬೇಸರ ಇದೆ. ಒಳಗೆ ಇಷ್ಟು ಚಂದದ ಮನೆ, ಇಷ್ಟು ನಗು, ಹೊರಗೆ ನೋಡಿದರೆ ಅಂಗಿ ಇಲ್ಲದ ಒಬ್ಬ ಗಂಡಸು ಮಳೆಯಲ್ಲಿ ನಿಂತಿದ್ದಾನೆ. ಬಸ್ಸಿನಲ್ಲಿ ಓದುವವರು ಹಳೇ ಕ್ಯಾಲೆಂಡರ್ ಹಾಳೆಯನ್ನು ಹೊದಿಸಿಕೊಳ್ಳಿ, ಶಾಲೆಯ ಪುಸ್ತಕಕ್ಕೆ ಹೊದಿಸುತ್ತಿದ್ದೆವಲ್ಲ ಹಾಗೆ. ನಾನಂತೂ ಈಗ ಹೊದಿಸುವುದನ್ನು ಬಿಟ್ಟಿದ್ದೇನೆ. ಖಾನಾಪುರ ಬಸ್ಸಿನಲ್ಲಿ ಪಕ್ಕ ಕೂತ ಒಬ್ಬ ಅಜ್ಜಿ ಮುಖಪುಟ ನೋಡಿ, "ಪಾಪ, ಥಂಡಿ ಹತ್ತೂದಿಲ್ಲೇನ ಇಂವಗ?" ಅಂತ ನಿಜವಾದ ಕಾಳಜಿಯಿಂದ ಕೇಳಿದರು. ಖಾನಾಪುರ ಮುಟ್ಟುವ ತನಕ ಅವರಿಗೆ ಕಥೆ ಹೇಳಿದೆ.

ಯಾರಿಗೆ ಬೇಡ? ಯುದ್ಧದ ವಿವರ ಬೇಕು ಅನ್ನುವವರಿಗೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಮಲಗುವ ಕೋಣೆಯ ವಿವರಗಳು ಮುಜುಗರ ಅನಿಸುವವರು ನೋಡಿಕೊಂಡು ತೆಗೆದುಕೊಳ್ಳಿ, ಕೆಲವು ಪುಸ್ತಕಗಳಲ್ಲಿ ಜಾಸ್ತಿ ಇರುತ್ತದೆ. ಚಿಕ್ಕ ಮಕ್ಕಳ ಕೈಗೆ ಬೇಡ. ಮದುವೆ ಆಗಿ ಹೊಸದಾಗಿ ಬೇರೆ ಊರಿಗೆ ಹೋಗಿರುವ ಗೆಳತಿ ಇದ್ದರೆ ಅವಳಿಗೆ ಒಂದು ಕಳಿಸಿ. ಅವಳ ಗಂಡನೂ ಓದಿದರೆ ಇನ್ನೂ ಒಳ್ಳೆಯದು. ಇವನ್ನು ಹೆಂಗಸರ ಪುಸ್ತಕ ಅಂತ ಬದಿಗಿಡುವ ಗಂಡಸರಿಗೆ ನಾನು ಹೇಳುವುದು ಇಷ್ಟೇ, ಹೆಂಡತಿ ಯಾಕೆ ಸುಮ್ನಿದ್ದಾಳೆ ಅಂತ ತಲೆ ಕೆಡಿಸಿಕೊಂಡು ಕೂತ ಗಂಡಸಿನ ಮನಸ್ಸನ್ನು ಇಷ್ಟು ಪ್ರೀತಿಯಿಂದ ಬರೆದದ್ದು ಬೇರೆ ಕಡೆ ನಾನು ಕಂಡಿಲ್ಲ.

ನನ್ನ ಒಂದು ಆಸೆ ಇದೆ. ನಮ್ಮ ಕಡೆಯ ವಾಡೆಗಳಲ್ಲಿ ನಡೆಯುವ ಇಂಥದೊಂದು ಕಥೆಯನ್ನು ಯಾರಾದರೂ ಕನ್ನಡದಲ್ಲಿ ಬರೆಯಲಿ. ಎತ್ತರದ ಬಾಗಿಲು, ಒಳಗೆ ಚೌಕದ ಅಂಗಳ, ಮಾತಾಡದ ದೇಸಾಯಿ, ಘಟಪ್ರಭೆಯ ಆಚೆಯಿಂದ ಬಂದ ಬಾಯಿ ಮುಚ್ಚದ ಹೆಣ್ಣು, ಎಲ್ಲರಿಗೂ ಬುದ್ಧಿ ಹೇಳುವ ಒಬ್ಬಳು ಆಯಿ. ಸಾಮಗ್ರಿ ಎಲ್ಲ ನಮ್ಮಲ್ಲೇ ಇದೆ, ಬರೆಯುವ ಕೈ ಬೇಕು.

ಅಲ್ಲಿಯ ತನಕ, ಬೆಳಗಾವಿಯಲ್ಲಿ ಇಂಥ ಪುಸ್ತಕ ಇಟ್ಟುಕೊಂಡವರು ಇದ್ದರೆ ತಿಳಿಸಿ, ಅದಲು ಬದಲು ಮಾಡಿಕೊಂಡು ಓದೋಣ. ನನ್ನ ಹತ್ತಿರ ಮಧ್ಯಯುಗದ ಕಥೆಗಳು ಒಂದಿಷ್ಟಿವೆ, ಎಲ್ಲದರ ಕೊನೆಯ ಪುಟವೂ ಇದೆ. ಅಜ್ಜಿ ಇರುವ ಕಥೆಗೆ ಮೊದಲ ಆದ್ಯತೆ, ವೈನಿ ಹಾಗಂತ ಹೇಳಿ ಕಳಿಸಿದ್ದಾರೆ.